ನಾನು ಪಾಟ್ ಕಲಿತದ್ದು ಹಿಂದಿನ ಜೋಡಿಯಲ್ಲಿ ಕೂತು

ಕೊಡಗಿನ ನಮ್ಮ ಮನೆಯಲ್ಲಿ ಸಂಗೀತಕ್ಕೆ ಅಂತ ಬೇರೆ ಹೊತ್ತು ಇರಲಿಲ್ಲ. ಅಜ್ಜ, ದೊಡ್ಡಪ್ಪ, ಅಪ್ಪ ಮೂವರೂ ದುಡಿ, ಅಂದರೆ ಡಮರುವಿನಂಥ ಪುಟ್ಟ ವಾದ್ಯ, ಬಾರಿಸಿಕೊಂಡು ಹಾಡುವವರು. ತೋಟದ ಕೆಲಸ ಮುಗಿಸಿ ಬಂದು ಕೈಯಾಲೆಯ (ಜಗಲಿಯ) ಐಮರದ ಹಲಗೆ ಮೇಲೆ ಕೂತರೆ ಸಾಕು, ಯಾರಾದರೊಬ್ಬರು ಪಾಟ್, ಅಂದರೆ ಕೊಡವ ಹಾಡು, ಶುರು ಮಾಡುತ್ತಿದ್ದರು. ಊರಲ್ಲಿ ಮದುವೆಯಾಗಲಿ, ಸಾವಾಗಲಿ, ಸುಗ್ಗಿ ಹಬ್ಬ ಪುತ್ತರಿಗೆ ಮನೆಮನೆಗೆ ಹೋಗಿ ಹಾಡುವ ಮನೆಪಾಟ್ ಆಗಲಿ, ನಮ್ಮ ಮನೆಗೆ ಕರೆ ಬರುತ್ತಿತ್ತು.

ಕೊಡವರ ಬಾಳೋ ಪಾಟನ್ನು ನಾಲ್ವರು ಹಾಡುತ್ತಾರೆ. ನಾಲ್ವರ ಕೈಯಲ್ಲೂ ದುಡಿ. ಮುಂದಿನ ಜೋಡಿ ಒಂದು ಸಾಲು ಹಾಡಿದರೆ ಹಿಂದಿನ ಜೋಡಿ ಅದನ್ನೇ ತಿರುಗಿ ಹಾಡಬೇಕು. ಅಜ್ಜ, ದೊಡ್ಡಪ್ಪ ಮುಂದಿನವರು. ಅಪ್ಪನ ಜೊತೆಗಿದ್ದ ನೆಂಟರೊಬ್ಬರಿಗೆ ವಯಸ್ಸಾಗಿ ಉಸಿರು ಸಾಲದಾದಾಗ ಆ ಜಾಗಕ್ಕೆ ನನ್ನನ್ನು ಕೂರಿಸಿದರು. ಆಗಿನ್ನೂ ನಾನು ಹೈಸ್ಕೂಲು ಹುಡುಗ. ನನಗೆ ಏನು ಸಂಗೀತ ಬರುತ್ತದೋ ಅದರ ಬುಡ ಆ ಜಾಗದಲ್ಲಿದೆ.

ಹಿಂದೆ ಕೂತವನಿಗೆ ಸಾಲು ಒಂದೇ ಸಲ ಕೇಳಿಸುತ್ತದೆ. ಮಾತು, ಎಳೆತ, ಉಸಿರು ಬಿಟ್ಟ ಜಾಗ ಎಲ್ಲವನ್ನೂ ಅಷ್ಟರಲ್ಲೇ ಹಿಡಿಯಬೇಕು. ಮೊದಲೇ ಬಾಯಿಪಾಠ ಮಾಡಿಕೊಂಡು ಹೋದರೂ ಜಾಸ್ತಿ ಉಪಯೋಗವಿಲ್ಲ. ಮದುವೆ ಪಾಟಿನಲ್ಲಿ ಆ ಎರಡು ಮನೆಗಳ ಹೆಸರು ಸೇರಬೇಕು, ಅಜ್ಜ ಅಲ್ಲೇ ಸಾಲು ಕಟ್ಟಿಬಿಡುತ್ತಿದ್ದರು. ನಾವು ಕೇಳುತ್ತಿರುವಾಗಲೂ ದುಡಿ ನಿಲ್ಲುವಂತಿಲ್ಲ. ಅದಕ್ಕೇ ಅಪ್ಪ ನನ್ನ ಕೈಗೆ ದುಡಿ ಕೊಟ್ಟು ಎದುರು ಕೂತು ಶಾಲೆಯ ಸುದ್ದಿ ಕೇಳುತ್ತಿದ್ದರು. ಲೆಕ್ಕದ ಮೇಷ್ಟ್ರು ಏನು ಹೇಳಿದರು, ಮಧ್ಯಾಹ್ನ ಏನು ಊಟ ಮಾಡಿದೆ, ಹೀಗೆ. ಬಾಯಿ ಉತ್ತರ ಕೊಡಬೇಕು, ಕೈ ನಡೀತಾ ಇರಬೇಕು. ಕೈ ತಡವರಿಸಿದರೆ ಮತ್ತೆ ಮೊದಲಿಂದ.

ಶ್ರುತಿಯ ಪಾಠ ಆದದ್ದು ಅಡುಗೆಮನೆಯಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಮಳೆ ಬಿಡುವುದೇ ಕಡಿಮೆ, ದುಡಿಯ ಚರ್ಮ ಸಡಿಲವಾಗಿಬಿಡುತ್ತದೆ. ಅಜ್ಜ ಒಲೆಯಿಂದ ಒಂದು ಮೊಳ ದೂರದಲ್ಲಿ ದುಡಿ ಹಿಡಿದು ನಿಧಾನ ತಿರುಗಿಸುತ್ತಿದ್ದರು. ನಡುನಡುವೆ ಉಗುರಿನಿಂದ ಒಂದು ತಟ್ಟು. "ಕೇಳು ಮಗಾ, ಇನ್ನೂ ನೀರು ಕುಡಿದ ಸ್ವರ" ಅನ್ನುತ್ತಿದ್ದರು. ಇನ್ನಷ್ಟು ಕಾಯಿಸಿ ಮತ್ತೆ ತಟ್ಟಿ, "ಈಗ?" ಅಂತ ನನ್ನ ಮುಖ ನೋಡುತ್ತಿದ್ದರು. ನಾನು ಸರಿ ಅಂದ ಮೇಲೇ ಎರಡನೇ ಮುಖ. ಕಾವು ಜಾಸ್ತಿಯಾದರೆ ಚರ್ಮ ಬಿರಿಯುತ್ತದೆ. ಹಾಗಾಗಿ ಸರಿಯಾದ ಸ್ವರ ಬಂದ ಕೂಡಲೇ ಹೇಳಬೇಕಿತ್ತು.

ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲಿ ಹೊರತಂದ ಕೊಡವ ಹಾಡುಗಳ ಪುಸ್ತಕ 'ಪಟ್ಟೋಲೆ ಪಳಮೆ' ನಮ್ಮ ಮನೆಯಲ್ಲೂ ಇತ್ತು. ಅಜ್ಜನಿಗೆ ಅದರ ಮೇಲೆ ತುಂಬಾ ಗೌರವ. ಆದರೆ ಹಾಡಲು ಕೂತಾಗ ತೆರೆದವರಲ್ಲ. ಈಗ ನಾನೂ ಹಾಗೇ ಮಾಡುತ್ತೇನೆ. ಪದಕ್ಕೆ ಪುಸ್ತಕ ಬೇಕೇ ಬೇಕು, ನಡೆ ಮಾತ್ರ ಪಕ್ಕದಲ್ಲಿ ಕೂತವರಿಂದಲೇ ಬರಬೇಕು.

ಅಜ್ಜನ ಜೊತೆಗಾರರೊಬ್ಬರು ತೀರಿಕೊಂಡಾಗ ಚಾವು ಪಾಟ್ ಹಾಡಿದೆವು. ಸತ್ತವರ ಬದುಕನ್ನೇ ಹೇಳುವ ಪಾಟ್ ಅದು. ಅರ್ಧ ಸಾಲಿಗೆ ಅಜ್ಜನ ಗಂಟಲು ಕಟ್ಟಿತು, ದೊಡ್ಡಪ್ಪನೂ ನಿಂತರು. ನಾನೂ ಅಪ್ಪನೂ ಆ ಸಾಲನ್ನು ಪೂರ್ತಿ ಮಾಡಿಯೇ ತಿರುಗಿ ಹಾಡಿದೆವು. ಉಳಿದರ್ಧ ಹೇಗೆ ಬರಬೇಕು ಅಂತ ನಮಗೆ ಗೊತ್ತಿತ್ತು. ಅಜ್ಜ ಸುಧಾರಿಸಿಕೊಂಡು ಮುಂದಿನ ಸಾಲಿಗೆ ಹೋದರು. ಹಿಂದಿನ ಜೋಡಿ ಇರುವುದು ಇದಕ್ಕೂ ಅಲ್ವಾ?

ಆಮೇಲೆ ಮೈಸೂರಿನಲ್ಲಿ ಓದುವಾಗ ಕರ್ನಾಟಕ ಸಂಗೀತಕ್ಕೆ ಸೇರಿದೆ. ಗುರುಗಳು ಹಾಡಿದ್ದನ್ನು ತಿರುಗಿ ಹಾಡುವುದು ಸಲೀಸಾಗಿತ್ತು, ತಾಳವೂ ಕಷ್ಟವಾಗಲಿಲ್ಲ. ಸ್ವರ ಬರೆದುಕೊಳ್ಳುವುದು, ಮೇಲಿನ ಷಡ್ಜಕ್ಕೆ ಹೋಗುವುದು ಹೊಸದು. ನಮ್ಮ ಪಾಟ್ ಓಡಾಡುವುದು ಕೆಲವೇ ಸ್ವರಗಳಲ್ಲಿ.

ಈಗ ರಜೆಗೆ ಊರಿಗೆ ಹೋದಾಗ ಮನೆ ಮಕ್ಕಳಿಗೆ ಹೇಳಿಕೊಡುತ್ತೇನೆ. ಅವರು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇವೆ ಅಂದರೆ ಬೇಡ ಅನ್ನುವುದಿಲ್ಲ. ಆದರೆ ಮೊದಲು ನನ್ನ ಹಿಂದೆ ಒಂದು ಸಾಲು ತಿರುಗಿ ಹಾಡಬೇಕು, ಆಮೇಲೆ ರೆಕಾರ್ಡಿಂಗ್.