ಎಳೆಯ ಮಗುವಿಗೆ ಸೊಳ್ಳೆ ಪರದೆ: ಮನೆಯವರನ್ನು ಒಪ್ಪಿಸುವ ಬಗೆ

ಪರದೆ ಮನೆಗೆ ಬಂದ ಮಾತ್ರಕ್ಕೆ ಮಗು ಅದರೊಳಗೆ ಮಲಗುತ್ತದೆ ಎಂದು ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಯರು ಭಾವಿಸಬಾರದು. ಮಲೇರಿಯಾವನ್ನು ಚೆನ್ನಾಗಿ ಬಲ್ಲ ಮಂಗಳೂರಿನಂತಹ ಊರಿನಲ್ಲೂ, ಮಗುವನ್ನು ಎಲ್ಲಿ ಮಲಗಿಸಬೇಕೆಂಬುದನ್ನು ಅನೇಕ ಮನೆಗಳಲ್ಲಿ ತೀರ್ಮಾನಿಸುವವರು ಅಜ್ಜಿ. ಆದ್ದರಿಂದ ಮಾತು ಅವರಿಂದಲೇ ಆರಂಭವಾಗಲಿ.

“ಪರದೆ ಕಟ್ಟಿದರೆ ಕೂಸಿಗೆ ಉಸಿರು ಕಟ್ಟುತ್ತದೆ” ಎಂದು ಅವರು ಹೇಳಿದರೆ ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕಬೇಡಿ. ಪರದೆಯೊಳಗೆ ಗಾಳಿ ಕಡಿಮೆಯಾಗುವುದು ನಿಜ, ಕರಾವಳಿಯ ಸೆಕೆಯಲ್ಲಂತೂ ಅದು ಸಣ್ಣ ಮಾತಲ್ಲ. ಇಲ್ಲಿ ಮೊದಲು ತಿದ್ದಬೇಕಾದದ್ದು ಅಜ್ಜಿಯ ನಂಬಿಕೆಯನ್ನಲ್ಲ, ಪರದೆ ಕಟ್ಟಿರುವ ರೀತಿಯನ್ನು. ನಾಲ್ಕು ಮೂಲೆಗಳನ್ನೂ ಎತ್ತರಕ್ಕೆ ಬಿಗಿದು, ಅಂಚನ್ನು ಚಾಪೆ ಅಥವಾ ಹಾಸಿಗೆಯ ಅಡಿಗೆ ಸಿಕ್ಕಿಸಿ, ಟೇಬಲ್ ಫ್ಯಾನನ್ನು ಹೊರಗಿನಿಂದ ಓರೆಯಾಗಿ ಇಡಿಸಿ. ಜೋತುಬಿದ್ದ ಪರದೆ ಮಗುವಿನ ಮುಖಕ್ಕೆ ಸುತ್ತಿಕೊಳ್ಳಬಹುದು. ಕೈಕಾಲು ಅದಕ್ಕೆ ತಾಗಿಕೊಂಡರೆ ಸೊಳ್ಳೆ ಬಲೆಯ ಕಣ್ಣಿನ ಮೂಲಕವೇ ಕಚ್ಚುತ್ತದೆ.

ಬಟ್ಟೆಯ ಜೋಲಿಯಲ್ಲಿ ಮಲಗುವ ಮಗುವಿನದು ಬೇರೆಯೇ ಸಮಸ್ಯೆ, ಏಕೆಂದರೆ ತೂಗುವ ಜೋಲಿಗೆ ಪರದೆ ನಿಲ್ಲುವುದಿಲ್ಲ. ಮಗು ನಿದ್ದೆ ಹೋದ ಬಳಿಕ ಪರದೆಯೊಳಗಿನ ಚಾಪೆಗೆ ಇಳಿಸುವುದೇ ಮೇಲು.

“ಸಂಜೆ ಸಾಂಬ್ರಾಣಿ ಹೊಗೆ ಹಾಕಿದ್ದೇವೆ” ಎಂಬ ಉತ್ತರವೂ ಸಿಗುತ್ತದೆ. ಹೊಗೆ ಬೇಗನೆ ಚದುರಿಹೋಗುತ್ತದೆ, ಆದರೆ ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ರಾತ್ರಿಯುದ್ದಕ್ಕೂ ಕಚ್ಚಬಲ್ಲದು. ಎಳೆಯ ಶ್ವಾಸಕೋಶಕ್ಕೆ ಹೊಗೆಯೂ ಹಿತವಲ್ಲ. ಡೆಂಗಿ ಹರಡುವ ಈಡಿಸ್ ಹಗಲಿನಲ್ಲಿ ಕಚ್ಚುವುದರಿಂದ ಮಧ್ಯಾಹ್ನದ ನಿದ್ದೆಗೂ ಪರದೆ ಬೇಕು. ನನ್ನ ಅಭಿಪ್ರಾಯದಲ್ಲಿ ಎಲ್ಲರೂ ಮರೆಯುವುದು ಇದನ್ನೇ.

ಔಷಧ ಲೇಪಿಸಿದ ಪರದೆಯ ವಿಷ ಮಗುವಿಗೆ ತಗಲುತ್ತದೆಂಬ ಅಂಜಿಕೆ ಇದ್ದರೆ, ಹೊಸ ಪರದೆಯನ್ನು ಒಂದು ದಿನ ನೆರಳಿನಲ್ಲಿ ಹರವಿ ಆಮೇಲೆ ಕಟ್ಟಲು ಹೇಳಿ. ಅದರಲ್ಲಿರುವ ಔಷಧದ ಪ್ರಮಾಣವನ್ನು ಶಿಶುಗಳನ್ನೂ ಗಮನದಲ್ಲಿಟ್ಟುಕೊಂಡೇ ನಿಗದಿಪಡಿಸಲಾಗಿದೆ ಎಂಬುದನ್ನೂ ತಿಳಿಸಿ. ಸೌಮ್ಯ ಸೋಪಿನಲ್ಲಿ ಒಗೆದು ನೆರಳಿನಲ್ಲಿ ಒಣಗಿಸಿದರೆ ಅದು ಸುಮಾರು 20 ಒಗೆತ ಅಥವಾ 3 ವರ್ಷ ಬಾಳುತ್ತದೆ. ಕೆರೆ, ಹೊಳೆಗಳಲ್ಲಿ ಮಾತ್ರ ಒಗೆಯಬಾರದು, ಮೀನುಗಳು ಸಾಯುತ್ತವೆ.

ಮುಂದಿನ ಭೇಟಿಯಲ್ಲಿ “ಪರದೆ ಬಳಸುತ್ತೀರಾ?” ಎಂದು ಕೇಳಿದರೆ “ಹೌದು” ಎಂಬ ಉತ್ತರವೇ ಬರುತ್ತದೆ. “ನಿನ್ನೆ ರಾತ್ರಿ ಮಗು ಎಲ್ಲಿ, ಯಾರ ಪಕ್ಕದಲ್ಲಿ ಮಲಗಿತ್ತು?” ಎಂದು ಕೇಳಿ. ಪರದೆಯಲ್ಲಿ ತೂತು ಕಂಡರೆ ಸೂಜಿ-ದಾರದಿಂದ ಅಲ್ಲೇ ಹೊಲಿಸಿ, ಮಗುವಿಗೆ ಜ್ವರವಿದ್ದರೆ ಅದೇ ದಿನ ರಕ್ತಪರೀಕ್ಷೆ ಮಾಡಿಸಿ.