ಮುತ್ತಜ್ಜ ತೀರಿಕೊಂಡ ವರ್ಷ ಸಿಕ್ಕಿದ್ದು ಭೋಗ್ಯದ ಪತ್ರದಲ್ಲಿ

ನಮ್ಮ ಮುತ್ತಜ್ಜ ಪ್ಲೇಗಿನಲ್ಲಿ ಹೋದರು ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಯಾವ ವರ್ಷ ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ಫೋಟೊ ಇಲ್ಲ, ಜಾತಕ ಇಲ್ಲ. ತುಮಕೂರು ಜಿಲ್ಲೆಯ ಒಂದು ಹಳ್ಳಿ, ಅಲ್ಲಿನ ಹೊಲದ ಸರ್ವೆ ನಂಬರು, ಇಷ್ಟೇ ಕೈಯಲ್ಲಿದ್ದದ್ದು.

ಇಂಗ್ಲೆಂಡಿನಲ್ಲಾದರೆ ನೂರು ವರ್ಷ ಕಳೆದ ಮೇಲೆ ಜನಗಣತಿಯ ಮನೆಮನೆ ಹಾಳೆಯನ್ನೇ ನೋಡಬಹುದು. ನಮ್ಮಲ್ಲಿ ಆ ಸೌಕರ್ಯ ಇಲ್ಲ. ನಮ್ಮ ಹಿರಿಯರು ಸಿಗುವುದು ಕಂದಾಯದ ಕಾಗದದಲ್ಲಿ. ಅದಕ್ಕೇ ಹೆಸರು ಹಿಡಿದು ಹೋಗುವ ಬದಲು ಜಮೀನು ಹಿಡಿದು ಹೋದೆ. ನಮ್ಮ ಕಡೆ ತಾತನ ಹೆಸರನ್ನೇ ಮೊಮ್ಮಗನಿಗೆ ಇಡುತ್ತಾರೆ, ಒಂದೇ ಊರಿನಲ್ಲಿ ಒಂದೇ ಹೆಸರಿನವರು ಮೂರ್ನಾಲ್ಕು ಜನ ಇರುತ್ತಾರೆ. ಸರ್ವೆ ನಂಬರು ಹಾಗಲ್ಲ. ಹಿಸ್ಸೆಯಾಗಿ ಎಷ್ಟು ತುಂಡಾದರೂ ಮೂಲ ನಂಬರು ಸಾಮಾನ್ಯವಾಗಿ ಉಳಿದಿರುತ್ತದೆ.

ಈಗಿನ ಪಹಣಿಯಿಂದ (ಜಮೀನು ಯಾರದು, ಎಷ್ಟು ಅಂತ ಬರೆದಿರುವ ಕಂದಾಯದ ದಾಖಲೆ) ಹಿಂದಕ್ಕೆ ಹೆಜ್ಜೆ ಹಾಕಬೇಕು. ಕಂಪ್ಯೂಟರ್ ಪಹಣಿ ಬಹಳ ಹಿಂದೆ ಹೋಗುವುದಿಲ್ಲ. ಅಲ್ಲಿಂದಾಚೆಗೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮು, ಕೈಬರಹದ ಪಹಣಿ, ಖಾತೆ ಬದಲಾವಣೆ ಬರೆಯುವ ಮ್ಯುಟೇಷನ್ ರಿಜಿಸ್ಟರ್. ಅರ್ಜಿ ಕೊಟ್ಟು, ನಕಲಿನ ಶುಲ್ಕ ಕಟ್ಟಿ, ಕಾಯಬೇಕು. ಈ ಭಾಗದಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ, ತಾಳ್ಮೆ ಬೇಕು ಅಷ್ಟೆ. ಮ್ಯುಟೇಷನ್‌ನಲ್ಲಿ 'ಪೌತಿ' ಅಂತ ಕಂಡರೆ ಅಲ್ಲಿ ನಿಲ್ಲಿ. ಖಾತೆದಾರರು ತೀರಿಕೊಂಡು ಖಾತೆ ವಾರಸುದಾರರಿಗೆ ಹೋದದ್ದು ಅದು. 'ಬಿನ್' ಆದ ಮೇಲೆ ತಂದೆಯ ಹೆಸರು, 'ಕೋಂ' ಆದ ಮೇಲೆ ಗಂಡನ ಹೆಸರು ಇರುತ್ತದೆ. ಹೀಗೆ ಒಂದೊಂದು ತಲೆಮಾರು ಹಿಂದಕ್ಕೆ ಹೋಗುತ್ತದೆ.

ನಮ್ಮ ಹೊಲದ ದಾಖಲೆಯಲ್ಲಿ ಮುತ್ತಜ್ಜನ ಹೆಸರೇ ಇರಲಿಲ್ಲ. ಇದ್ದದ್ದು ಮುತ್ತಜ್ಜಿಯ ಹೆಸರು, ಮೈನರ್ ಮಕ್ಕಳ ಗಾರ್ಡಿಯನ್ ಅಂತ. ಹಾಗಾದರೆ ಮಕ್ಕಳು ಚಿಕ್ಕವರಿದ್ದಾಗಲೇ ಅವರು ಹೋಗಿದ್ದಾರೆ. ಗಂಡ ಸತ್ತು ಮಕ್ಕಳು ಎಳೆಯರಿದ್ದರೆ ಆ ಹೆಂಗಸು ಸಾಲ ಮಾಡಿರಲೇಬೇಕು, ಸಾಲಕ್ಕೆ ಜಮೀನು ಬರೆದುಕೊಟ್ಟಿರಬೇಕು ಅಂತ ನನ್ನ ಲೆಕ್ಕ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದೆ. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ಇಸಿ (ಜಮೀನಿನ ಮೇಲೆ ನೋಂದಣಿಯಾದ ಸಾಲ, ವ್ಯವಹಾರಗಳ ಪಟ್ಟಿ) ಸಿಗುವುದು 2004ರಿಂದ ಈಚೆಗೆ. ಹಳೆಯದಕ್ಕೆ ಅಲ್ಲಿನ ಇಂಡೆಕ್ಸ್ ಪುಸ್ತಕವನ್ನೇ ಹುಡುಕಿಸಬೇಕು.

ಸಿಕ್ಕಿತು. 1919ರ ಬೇಸಿಗೆಯಲ್ಲಿ ನೋಂದಾಯಿಸಿದ ಭೋಗ್ಯದ ಪತ್ರ, ಅಂದರೆ ಸಾಲ ತೀರುವವರೆಗೆ ಜಮೀನನ್ನು ಸಾಲ ಕೊಟ್ಟವರ ಅನುಭವಕ್ಕೆ ಬಿಟ್ಟುಕೊಡುವ ಪತ್ರ. ಪದಕ್ಕೂ ಪದಕ್ಕೂ ನಡುವೆ ಜಾಗವನ್ನೇ ಬಿಡದ ಬರವಣಿಗೆ. ಊರಿನ ಹಳೆಯ ಶಾನುಭೋಗರ ಮನೆತನದ ಹಿರಿಯರೊಬ್ಬರು ಓದಿ ಹೇಳಿದರು. 'ನಮ್ಮ ಯಜಮಾನರು ಕಾಳಯುಕ್ತಿ ಸಂವತ್ಸರದ ಆಶ್ವೀಜದಲ್ಲಿ ಕಾಲವಾದ್ದರಿಂದ' ಅಂತ ಕಾರಣ ಬರೆಸಿದ್ದಾರೆ ಮುತ್ತಜ್ಜಿ. ಖುಷ್ಕಿ (ಮಳೆಯಾಶ್ರಿತ) ಜಮೀನು, ವಿಸ್ತೀರ್ಣ ಎಕರೆ ಗುಂಟೆಯಲ್ಲಿ. ಚೆಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರದಲ್ಲಿ, ಉತ್ತರಕ್ಕೆ ದಾಯಾದಿಯ ಹೊಲ. ಮನೆಯಲ್ಲಿ ಯಾರೂ ಹೆಸರೆತ್ತದ ಮುತ್ತಜ್ಜನ ಅಣ್ಣ ಅಲ್ಲಿದ್ದರು! ಕೊನೆಯಲ್ಲಿ ಮುತ್ತಜ್ಜಿಯ ಹೆಬ್ಬೆಟ್ಟು ಅಂತ ನಮೂದು.

ಸಂವತ್ಸರ ನೋಡುವಾಗ ಹುಷಾರಾಗಿರಬೇಕು, ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತದೆ. ಮನೆಯ ಹಳೇ ಚೀಟಿಯಲ್ಲಿ ಬರೀ 'ಧಾತು' ಅಂತಿದ್ದರೆ ಅದು ದೊಡ್ಡ ಬರ ಶುರುವಾದ 1876 ಇರಬಹುದು, 1936 ಕೂಡ ಇರಬಹುದು. ನಮ್ಮ ಪತ್ರಕ್ಕೆ ನೋಂದಣಿಯ ತಾರೀಕು ಇದ್ದದ್ದರಿಂದ ಅನುಮಾನ ಉಳಿಯಲಿಲ್ಲ. ಕಾಳಯುಕ್ತಿ ಅಂದರೆ 1918ರ ಯುಗಾದಿಯಿಂದ 1919ರ ಯುಗಾದಿ. ಆಶ್ವೀಜ ಬಿದ್ದದ್ದು ಅಕ್ಟೋಬರ್‌ನಲ್ಲಿ.

1918ರ ಅಕ್ಟೋಬರ್ ಅಂದ ಕೂಡಲೇ ಪ್ಲೇಗಿನ ಕಥೆ ಅಲುಗಾಡಿತು. ಪ್ಲೇಗು ಬೆಂಗಳೂರಿಗೆ ಬಂದದ್ದು 1898ರಲ್ಲಿ. ಆಮೇಲೂ ವರ್ಷಗಟ್ಟಲೆ ಮತ್ತೆ ಮತ್ತೆ ಕಾಣಿಸಿಕೊಂಡಿತು, ನಿಜ. ಆದರೆ 1918ರ ಕೊನೆಯ ತಿಂಗಳುಗಳಲ್ಲಿ ಇಡೀ ದೇಶದಲ್ಲಿ ಜನರನ್ನು ಕೊಂದದ್ದು ಇನ್‌ಫ್ಲುಯೆಂಜಾ. ಅದೂ ದುಡಿಯುವ ವಯಸ್ಸಿನವರನ್ನೇ ಜಾಸ್ತಿ ಹೊತ್ತುಕೊಂಡು ಹೋಯಿತು. ಆ ವರ್ಷ ಮಳೆ ಕೈಕೊಟ್ಟು, ದವಸದ ಬೆಲೆಯೂ ಏರಿತ್ತು. ಮೈಸೂರು ಸಂಸ್ಥಾನದ ಜನಸಂಖ್ಯೆ 1911ರಲ್ಲಿ ಸುಮಾರು 58 ಲಕ್ಷ. ಹತ್ತು ವರ್ಷ ಕಳೆದರೂ, 1921ರಲ್ಲಿ, 60 ಲಕ್ಷವೂ ಮುಟ್ಟಿರಲಿಲ್ಲ.

ಹಾಗಂತ ಪತ್ರದಲ್ಲಿ ಕಾಯಿಲೆಯ ಹೆಸರು ಬರೆದಿಲ್ಲ. ಆ ಕಾಲದ ಮರಣದ ಲೆಕ್ಕದಲ್ಲೂ ಇನ್‌ಫ್ಲುಯೆಂಜಾದ ಸಾವುಗಳು ಬಹುಪಾಲು 'ಜ್ವರ' ಅನ್ನುವ ಕಾಲಂಗೇ ಸೇರಿಹೋದವು. ಅದಕ್ಕೇ ಪಕ್ಕದವರ ಪತ್ರಗಳನ್ನೂ ನೋಡಿದೆ. ಅದೇ ಬೇಸಿಗೆಯಲ್ಲಿ ಅದೇ ಊರಿನ ಬೇರೆ ವಿಧವೆಯರೂ ಮೈನರ್ ಮಕ್ಕಳ ಪರವಾಗಿ ಜಮೀನು ಬರೆದುಕೊಟ್ಟಿದ್ದಾರೆ. ನನ್ನ ಮಟ್ಟಿಗೆ ಅದು ಇನ್‌ಫ್ಲುಯೆಂಜಾ ಜ್ವರವೇ. ನಮ್ಮಪ್ಪ ಇನ್ನೂ ಪ್ಲೇಗು ಅಂತಲೇ ಹೇಳುತ್ತಾರೆ, ಅವರ ಜೊತೆ ವಾದಕ್ಕೆ ಹೋಗಿಲ್ಲ.

ಕೊನೆಗೆ ನೋಡಿದ್ದು ಶಾಲೆಯ ದಾಖಲಾತಿ ಪುಸ್ತಕ. ತಾತ ಸೇರಿದ ಶಾಲೆ ನಮ್ಮೂರಿನದಲ್ಲ, ಅವರ ತಾಯಿಯ ತವರಿನದು. ಪೋಷಕರ ಕಾಲಂನಲ್ಲಿ ಸೋದರಮಾವನ ಹೆಸರು. ತಾತ ಯಾಕೆ ಕೊನೆಯವರೆಗೂ ಆ ಊರಿನ ಜಾತ್ರೆಗೆ ತಪ್ಪದೆ ಹೋಗುತ್ತಿದ್ದರು ಅಂತ ಈಗ ಗೊತ್ತಾಯಿತು. ಭೋಗ್ಯ ಬಿಡಿಸಿಕೊಂಡ ಪತ್ರ ಇನ್ನೂ ಸಿಕ್ಕಿಲ್ಲ. ಜಮೀನು ಹೇಗೂ ನಮ್ಮ ಹೆಸರಿಗೇ ವಾಪಸು ಬಂದಿದೆ ಅಲ್ವಾ, ಎಲ್ಲೋ ಇರಲೇಬೇಕು. 1920ರಿಂದ ಈಚೆಗಿನ ಇಂಡೆಕ್ಸ್ ತೆಗೆಸಲು ಅರ್ಜಿ ಕೊಟ್ಟಿದ್ದೇನೆ.