ರೇಟು ಊಹಿಸಬೇಡಿ, ಸೂತ್ರ ಬರೆದಿಡಿ

2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತು. ಆ ರೇಟು ನೋಡಿ ನಾಟಿ ಮಾಡಿದವರ ಬೆಳೆ ಮಂಡಿಗೆ ಬರುವಷ್ಟರಲ್ಲಿ ಬೆಲೆ ನೆಲಕಚ್ಚಿತ್ತು. ಷೇರುಪೇಟೆಯಲ್ಲೂ ನಾಳೆಯ ರೇಟು ಯಾರಿಗೂ ಗೊತ್ತಿಲ್ಲ, ಟಿ.ವಿ.ಯಲ್ಲಿ ಕೂತು ಹೇಳುವವರಿಗೂ. ಊಹೆಯ ಗೋಜಿಗೇ ಹೋಗದೆ, ರೇಟು ಹೀಗಾದರೆ ಹೀಗೆ ಮಾಡುತ್ತೇನೆ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ.

ಮೊದಲ ಕೆಲಸ, ದುಡ್ಡು ಬೇರ್ಪಡಿಸುವುದು. ಐದು ವರ್ಷದೊಳಗೆ ಬೇಕಾಗುವ ಹಣ, ಅಂದರೆ ಬೋರ್‌ವೆಲ್ ಖರ್ಚು, ಮಕ್ಕಳ ಫೀಸು ಷೇರುಪೇಟೆಗೆ ಹಾಕುವ ದುಡ್ಡಿಗೆ ಸೇರಕೂಡದು. ಮಿಕ್ಕಿದ್ದು 1 ಲಕ್ಷ ಎನ್ನೋಣ. 60 ಸಾವಿರ ನಿಫ್ಟಿ 50 ಇಂಡೆಕ್ಸ್ ಫಂಡ್‌ಗೆ (ನಿಫ್ಟಿ ಎಂದರೆ 50 ದೊಡ್ಡ ಕಂಪನಿಗಳ ಷೇರು ಸೂಚ್ಯಂಕ, ಆ 50 ಷೇರುಗಳನ್ನೂ ಕೊಳ್ಳುವ ಫಂಡ್ ಇದು), 40 ಸಾವಿರ ಲಿಕ್ವಿಡ್ ಫಂಡ್‌ಗೆ (ಅಲ್ಪಾವಧಿ ಸಾಲಪತ್ರಗಳಲ್ಲಿ ಹಣ ಇಡುವ, ಏರಿಳಿತ ಕಡಿಮೆಯಿರುವ ಫಂಡ್) ಹಾಕಿ. ಒಂದೇ ಕಂಪನಿಯ ಷೇರಿಗೆ ಈ ಸೂತ್ರ ಬೇಡ. ಬಿದ್ದ ಕಂಪನಿ ಮತ್ತೆ ಏಳದೆಯೂ ಹೋಗಬಹುದು.

ತಿಂಗಳ ಕೊನೆಗೆ ಒಮ್ಮೆ ಮಾತ್ರ ಲೆಕ್ಕ ನೋಡಿ. ಷೇರಿನ ಪಾಲು, ಅಂದರೆ ಒಟ್ಟು ಮೊತ್ತದಲ್ಲಿ ಇಂಡೆಕ್ಸ್ ಫಂಡ್‌ನ ಭಾಗ, ಶೇ 55ಕ್ಕಿಂತ ಇಳಿದಿದ್ದರೆ ಅಥವಾ 65 ದಾಟಿದ್ದರೆ ಮತ್ತೆ 60ಕ್ಕೆ ತನ್ನಿ. ನಡುವೆ ಇದ್ದರೆ ಮುಟ್ಟಬೇಡಿ.

ಪೇಟೆ ಶೇ 25ರಷ್ಟು ಬಿತ್ತು ಅಂತಿಟ್ಟುಕೊಳ್ಳಿ. 60 ಸಾವಿರ 45 ಸಾವಿರ ಆಯಿತು, ಒಟ್ಟು 85 ಸಾವಿರ. ಷೇರಿನ ಪಾಲು ಶೇ 53ರ ಹತ್ತಿರ. 85 ಸಾವಿರದ ಶೇ 60 ಎಂದರೆ 51 ಸಾವಿರ, ಹಾಗಾಗಿ ಲಿಕ್ವಿಡ್ ಫಂಡ್‌ನಿಂದ 6 ಸಾವಿರ ತೆಗೆದು ಇತ್ತ ಹಾಕಿ. ಆಮೇಲೆ ಪೇಟೆ ಶೇ 40 ಏರಿದರೆ ನಿಮ್ಮ ಒಟ್ಟು ಮೊತ್ತ 1,05,400 (ಬಡ್ಡಿ ಬಿಟ್ಟು). ಏನೂ ಮಾಡದೆ ಕೂತವರದ್ದು 1,03,000. ಈಗ ಷೇರಿನ ಪಾಲು 65 ದಾಟಿದೆ, 8,160 ರೂಪಾಯಿಯಷ್ಟು ಮಾರಿ. ಪೇಟೆ ಒಂದೇ ಸಮ ಏರುತ್ತಲೇ ಹೋದರೆ ಈ ಸೂತ್ರದಲ್ಲಿ ಲಾಭ ಕಡಿಮೆ, ಬೀಳುತ್ತಲೇ ಹೋದರೆ ನಷ್ಟ ಇನ್ನಷ್ಟು. ಇದನ್ನು ಒಪ್ಪಿಕೊಂಡೇ ಶುರು ಮಾಡಬೇಕು.

ಕಷ್ಟ ಇರುವುದು ಲೆಕ್ಕದಲ್ಲಲ್ಲ. 2008ರ ಜನವರಿಯಲ್ಲಿ 6,300 ದಾಟಿದ್ದ ನಿಫ್ಟಿ ಅಕ್ಟೋಬರ್‌ಗೆ 2,300ಕ್ಕಿಂತ ಕೆಳಗಿಳಿದಿತ್ತು. ಅಂಥ ದಿನ ಇನ್ನಷ್ಟು ಹಾಕಲು ಎಂಥವರಿಗೂ ಕೈ ಬರುವುದಿಲ್ಲ. ಅದಕ್ಕೇ ಪೇಟೆ ತಣ್ಣಗಿರುವಾಗಲೇ ಸೂತ್ರವನ್ನು ನೋಟ್‌ಬುಕ್‌ನಲ್ಲಿ ಬರೆದು, ಮನೆಯವರಿಗೂ ತೋರಿಸಿಡಿ.

ತೆರಿಗೆ ಮರೆಯಬೇಡಿ. ಈಗಿನ ನಿಯಮದಂತೆ ವರ್ಷದೊಳಗೆ ಮಾರಿದರೆ ಇಂಡೆಕ್ಸ್ ಫಂಡ್ ಲಾಭಕ್ಕೆ ಶೇ 20, ಆಮೇಲಾದರೆ ಹಣಕಾಸು ವರ್ಷದಲ್ಲಿ 1.25 ಲಕ್ಷ ಮೀರಿದ ಲಾಭಕ್ಕೆ ಶೇ 12.5. ಬೆಳೆ ದುಡ್ಡು ಕೈಗೆ ಬಂದಾಗ ಕಡಿಮೆ ಬಿದ್ದಿರುವ ಕಡೆಗೇ ಅದನ್ನು ಹಾಕಿದರೆ, ಎಷ್ಟೋ ಸಲ ಮಾರುವ ಪ್ರಮೇಯವೇ ಬರುವುದಿಲ್ಲ.